ಅವನ ಹಾಡಿಗೆ ರೆಕಾರ್ಡೋ, ಡೌನ್‌ಲೋಡೋ

ಮಾರ್ಚ್ ೪, ಸೋಮವಾರ

ಇವತ್ತೂ ಅಂಗಡಿ. ಕನ್ನಡಕದ ಗಾಜು ಉಜ್ಜಿದೆ, ಫ್ರೇಮಿಗೆ ಕೂರಿಸಿದೆ, ಒರೆಸಿ ಡಬ್ಬಿಗೆ ಹಾಕಿದೆ. ಒಬ್ಬಾಕೆ ಹೊಸ ಕನ್ನಡಕದಲ್ಲಿ ನನ್ನನ್ನೇ ದಿಟ್ಟಿಸಿ, "ಈಗ ಎಲ್ಲಾ ಸ್ಪಷ್ಟ ಕಾಣ್ತಿದೆ" ಎಂದರು. ಒಳ್ಳೆಯದು ಎಂದೆ.

ನನ್ನವನು ಹೋಗಿ ತಿಂಗಳಾಯಿತು. ರಿಹರ್ಸಲ್ ಮುಗಿಸಿ ಬಂದು ಶೂ ಬಿಚ್ಚಲು ಕೂತವನು ಏಳಲಿಲ್ಲ. ಸಂಜೆ ಸ್ಟಾಪಿನಲ್ಲಿ ನೆನಪಾಯಿತು. ಅಳು ಬರಲಿಲ್ಲ. ಬಸ್ ಬಂತು.

ಮಾರ್ಚ್ ೯

ಗುಡುಗಪ್ಪ ಬಂದಿದ್ದ. ನನ್ನವನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. ಅದಕ್ಕೇ ಆ ಹೆಸರು. ಮಾತು ಮಾತ್ರ ಪಿಸುಪಿಸು. ನನ್ನವನು ಹಾಡಿಟ್ಟ ಹಾಡುಗಳು ಸ್ಟುಡಿಯೋದಲ್ಲಿ ಹಾಗೇ ಬಿದ್ದಿವೆಯಂತೆ.

"ನೀವು ಹೂಂ ಅಂದ್ರೆ ನೆಟ್‌ಗೆ ಹಾಕ್ತೀವಿ ಅತ್ತಿಗೆ. ಬೇಕಾದವರು ಡೌನ್‌ಲೋಡ್ ಮಾಡ್ಕೋತಾರೆ. ಇಲ್ಲಾಂದ್ರೆ ರೆಕಾರ್ಡ್ ಮಾಡಿಸ್ಬೇಕು, ದೊಡ್ಡ ಕಪ್ಪು ತಟ್ಟೆ. ಅದಕ್ಕೆ ಯಾವ ಹಾಡಾದ್ಮೇಲೆ ಯಾವುದು ಅಂತ ನೀವೇ ಕೂತು ಕೇಳಿ ಹೇಳ್ಬೇಕು."

"ಡೌನ್‌ಲೋಡ್ ಸಾಕು."

ಕೇಳುವುದು ಬೇಡ. ಅಷ್ಟೇ.

ಒಳಗೆ ಪಾತ್ರೆ ತೊಳೆಯುತ್ತಿದ್ದ ಅತ್ತೆ ನಲ್ಲಿ ನಿಲ್ಲಿಸಿದರು. ಏನೂ ಅನ್ನಲಿಲ್ಲ.

ಮಾರ್ಚ್ ೧೦

ಅನ್ನದೇ ಇರುತ್ತಾರೆಯೇ.

"ಡೌನ್‌ಲೋಡ್ ಅಂದ್ರೆ ಎಲ್ಲಿರತ್ತೆ ಅದು?"

"ಫೋನಲ್ಲಿ."

"ಫೋನಲ್ಲಿ ಎಲ್ಲಿ?"

"ರೆಕಾರ್ಡ್ ತಂದು ಏನ್ ಮಾಡ್ತೀರಾ ಅತ್ತೆ? ಮನೇಲಿ ಪ್ಲೇಯರ್ರೇ ಇಲ್ಲ."

"ಕೇಳೋಕಲ್ಲ ಕಣೆ. ನನ್ ಕಿವಿ ಅಷ್ಟಕ್ಕಷ್ಟೇ. ನೀನು ಅವನ ಬಟ್ಟೆ ಕೊಟ್ಬಿಟ್ಟೆ, ಶೂ ಕೊಟ್ಟೆ, ಮಂಚಾನೂ ಆ ಗೋಡೆಯಿಂದ ಈ ಗೋಡೆಗೆ ಎಳ್ದೆ. ನಾನೇನಾದ್ರೂ ಅಂದ್ನಾ? ಕೈಲಿ ಹಿಡ್ಕೊಳ್ಳೋಕೆ ಒಂದಾದ್ರೂ ಇರ್ಲಿ ಅಂತ."

ಬಟ್ಟೆ ಮಡಚುತ್ತಾ ಹೇಳಿದರು. ಕೋಪದಲ್ಲಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು...

ಏಪ್ರಿಲ್ ೨

ಬರೆಯಲು ಏನೂ ಇರಲಿಲ್ಲ. ಗಾಜು, ಬಸ್, ನಿದ್ದೆ.

ಗುಡುಗಪ್ಪನ ಫೋನ್. ಡೌನ್‌ಲೋಡ್ ಸದ್ಯಕ್ಕೆ ಬೇಡ ಎಂದು ನಾನೇ ತಡೆದಿದ್ದೆ. ಇನ್ನೂ ತಡವಾದರೆ ಸ್ಟುಡಿಯೋದವರು ಎಲ್ಲಾ ಅಳಿಸಿಹಾಕುತ್ತಾರಂತೆ.

"ರೆಕಾರ್ಡೇ ಮಾಡ್ಸಿ," ಎಂದುಬಿಟ್ಟೆ.

ಏಪ್ರಿಲ್ ೬

ಸ್ಟುಡಿಯೋ. ಹೆಡ್‌ಫೋನ್ ಬಿಗಿ. ಅವನ ದನಿ ಕಿವಿಯೊಳಗೇ... ಏನೂ ಆಗಲಿಲ್ಲ. ಗಾಜಿನಲ್ಲಿ ಗೀರು ಹುಡುಕುವ ಹಾಗೆ ಕೇಳಿದೆ. ಇದು ಮೊದಲು, ಇದು ಆಮೇಲೆ, ನಿಧಾನದ್ದು ಕೊನೆಗೆ.

ಗುಡುಗಪ್ಪ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದ. ಹೊಟ್ಟೆಕಿಚ್ಚಾಯಿತು. ನಾನು ಹೆಂಡತಿ, ಅಳುವವನು ಡ್ರಮ್ಮಿನವನು.

ಜೂನ್ ೧೬, ಭಾನುವಾರ

ರೆಕಾರ್ಡ್ ಬಂತು. ಗುಡುಗಪ್ಪ ತನ್ನ ಪ್ಲೇಯರನ್ನೂ ಹೊತ್ತು ತಂದು, ಜೋಡಿಸಿ, ಹಾಕುವುದು ಹೇಗೆಂದು ತೋರಿಸಿಕೊಟ್ಟು ಹೋದ.

ಅತ್ತೆ ಕವರಿನ ಮೇಲೆ ಸೆರಗು ಆಡಿಸಿದರು, ಧೂಳೇ ಇಲ್ಲದಿದ್ದರೂ. "ಫೋಟೋದಲ್ಲಿ ತಲೆ ಬಾಚ್ಕೊಂಡಿದಾನಲ್ಲೇ! ಯಾರು ಬಾಚಿದ್ದು?"

"ನಾನೇ. ಬೈದು ಬಾಚ್ದೆ."

"ಸದ್ಯ."

ಇಬ್ಬರೂ ನಕ್ಕೆವು. ಎಷ್ಟು ದಿನವಾಗಿತ್ತೋ.

ತಟ್ಟೆ ಹಾಕಿ, ಮುಳ್ಳು ಇಳಿಸಿ, ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಸ್ಪೀಕರಿಗೆ ಕಿವಿ ಆನಿಸಿ ಕೂತಿದ್ದಾರೆ. ಹಾಡು ಹೊರಗೇ ಇರಲಿ.

ಈಗ ನಿಂತಿತು. ಒಂದು ಬದಿ ಮುಗಿದಿರಬೇಕು. ಖಾಲಿ ತಟ್ಟೆ ತಿರುಗುವ ಟಕ್ ಟಕ್.

"ಬಾರೇ ಇಲ್ಲಿ, ಇದನ್ನ ಮಗುಚಿ ಹಾಕು. ಆ ಕಡೇಲೂ ಇದಾನಂತಲ್ಲ!"

ಬಂದೆ ಎಂದೆ. ಅಕ್ಷರ ಏನೋ ಕಲಸಿದ ಹಾಗೆ... ಹಾಳೆ ಒದ್ದೆ. ಮತ್ತೆ ಕೂಗುತ್ತಿದ್ದಾರೆ. ಎದ್ದು ಹೋಗಿ ಆ ಕಡೆ—