ಮೀನಿನ ಮಿದುಳು, ನಿನ್ನ ಬಲಗೈ

ಪ್ರೀತಿಯ ಅಪ್ಪಾ,

ಧಾರವಾಡದಲ್ಲಿ ಸಂಶೋಧನೆಗೆ ಸೇರಿದ ಮೇಲೆ ನಾನು ಮೊದಲ ಸಲ ಇಳಕಲ್ಲಿಗೆ ಬಂದ ದಿನ ನೆನಪಿದೆಯೇ? ನೀನು ಮಗ್ಗದಲ್ಲಿ ಕೂತಿದ್ದೆ. ಏನು ಕಲಿಯುತ್ತಿ ಎಂದು ಕೇಳಿದೆ. ಒಂದು ನರದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಡೋಪಮಿನ್ ಎಂಬುದೊಂದಿದೆ, ಅದನ್ನು ಹೆಚ್ಚಿಸುವ ಮದ್ದನ್ನು ಮೀನಿಗೆ ಚುಚ್ಚುತ್ತೇವೆ, ಆಮೇಲೆ ಮಿದುಳು ತೆಗೆದು ಅದರೊಳಗಿನ ಕಿಣ್ವದ ಕೆಲಸ ಚುರುಕಾಯಿತೋ ಮಂದವಾಯಿತೋ ನೋಡುತ್ತೇವೆ ಎಂದೆ. ನಿನ್ನ ಲಾಳಿ ನಿಂತಿತು.

"ಲಿಂಗ ಹಿಡಿಯೋ ಕೈಲೆ ಮೀನ ಕೊಯ್ತಿ ಏನವಾ?"

ಅಂದು ನಾನು ಬಡಿದ ರೊಟ್ಟಿಯನ್ನು ನೀನು ಮುಟ್ಟಲಿಲ್ಲ.

ಮರುವರ್ಷ ನಿನ್ನ ಬಲಗೈ ನಡುಗತೊಡಗಿತು. ಬಾಗಲಕೋಟೆಯ ಡಾಕ್ಟರು, ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾಗಿದೆ ಎಂದು ಗುಳಿಗೆ ಬರೆದರು. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿಬಿಟ್ಟೆ: "ಅಪ್ಪಾ, ನಾ ಮೀನಿಗೆ ಚುಚ್ಚೋದೂ ಇದ ಮದ್ದು." ಹುನಗುಂದದಲ್ಲಿ ಬಸ್ಸು ನಿಂತಾಗ ನೀನು ಗುಳಿಗೆಯೊಂದನ್ನು ಅಂಗೈಗೆ ಹಾಕಿಕೊಂಡೆ. ಆಮೇಲೆ, "ನೀರ ಕೊಡವಾ" ಎಂದೆ.

ಕೈಯ ನಡುಕ ನಿಂತಿತು. ಮತ್ತೆ ಸೀರೆಯ ದಡಿ ನೇಯ್ದೆಯಲ್ಲ, ಆಗ ನಿನಗಿಂತ ಹೆಚ್ಚು ಹಿಗ್ಗಿದವಳು ನಾನು. ಆದರೆ ವರ್ಷಗಳು ಕಳೆದಂತೆ ಗುಳಿಗೆ ನುಂಗಿದ ಕೂಡಲೇ ಅದೇ ಕೈ ತಾನಾಗಿಯೇ ಹೊರಳಾಡತೊಡಗಿತು.

"ಕಡಿಮಿ ಆದ್ರ ನಡುಗತೈತಿ, ಹೆಚ್ಚಾದ್ರ ಕುಣೀತೈತಿ. ಯಾಕವಾ? ನಿನ್ನ ಮೀನ ಏನಂತಾವ?"

ಮೀನು ಏನನ್ನಬೇಕಿತ್ತು? ಸ್ವಲ್ಪ ಮದ್ದು ಕೊಟ್ಟರೆ ಕಿಣ್ವ ಚುರುಕಾಗುತ್ತಿತ್ತು. ಹೆಚ್ಚು ಕೊಟ್ಟರೆ ಅದೇ ಜಾಗದಲ್ಲಿ ಮಂದ. ಮಿದುಳಿನ ಇನ್ನೊಂದು ಭಾಗದಲ್ಲಿ ಎಲ್ಲ ತಿರುಗುಮುರುಗು. ನಾನೇ ತಪ್ಪಿದೆನೋ ಎಂದು ಮತ್ತೆ ಮಾಡಿ ನೋಡಿದೆ. ಅದೇ ಬಂತು. ನಿನಗೆ ಏನೆಂದು ಹೇಳಲಿ? ಮೀನಿಗೂ ನಿನಗೂ ಸಂಬಂಧವಿದೆಯೋ ಇಲ್ಲವೋ ಅದೂ...

ಕೊನೆಯ ಸಲ ನಾನು ಊರಿಂದ ಹೊರಟಾಗ, ಹಾಸಿಗೆ ಹಿಡಿದಿದ್ದ ನೀನು ಮಲಗಿದಲ್ಲಿಂದಲೇ ನನ್ನ ಕೈ ಹಿಡಿದುಕೊಂಡೆ. "ಕೊಲ್ಲಬ್ಯಾಡ ಅನ್ನಲೋ, ಇನ್ನಷ್ಟ ನೋಡು ಅನ್ನಲೋ... ನನಗೂ ತಿಳೀವಲ್ದವಾ." ಎರಡರಲ್ಲಿ ಒಂದನ್ನು ಹೇಳುತ್ತಿ ಎಂದು ಬಸ್ಸು ತಪ್ಪಿಸಿಕೊಂಡು ಕಾದೆ. ನಿನಗೆ ನಿದ್ದೆ ಹತ್ತಿತು. ಮುಂದಿನ ವಾರ ನೀನಿರಲಿಲ್ಲ.

ಅಪ್ಪಾ, ನೀನು ಕೇಳದ ಸುದ್ದಿಯೊಂದಿದೆ. ನನ್ನ ಪ್ರಬಂಧ ಒಪ್ಪಿಗೆಯಾಯಿತು. ಬಾದಾಮಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತ್ತು. ಒಂದು ಮೀನನ್ನೂ ಕೊಯ್ಯಬೇಕಿರಲಿಲ್ಲ. ಅವ್ವ ಒಲ್ಲೆನ್ನಬೇಡ ಎಂದು ಅತ್ತಳು. ನಿನ್ನೆ ಕಾಲೇಜಿನವರಿಗೆ ಬರುವುದಿಲ್ಲ ಎಂದು ಬರೆದು ಹಾಕಿದೆ. ಸರಿಯೋ ತಪ್ಪೋ ತಿಳಿಯದು. ಸೋಮವಾರ ಧಾರವಾಡದ ಪ್ರಯೋಗಾಲಯಕ್ಕೆ ಹೊಸ ಮೀನುಗಳು ಬರುತ್ತವೆ.

ನಿನ್ನ ಮಗಳು