ಅಮ್ಮ ಸಾಕು ಅಂದಾಗ

ಮಾರ್ಚ್ ೯

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾವೆಲ್ಲ ಆರೋಗ್ಯವಾಗಿದ್ದೇವೆ. ಅಮ್ಮ ಹೋಗಿ ಎರಡು ತಿಂಗಳಾಯಿತು, ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಎಂದರೆ ನೀನು ನಂಬುವವಳಲ್ಲ. ಚಿಕ್ಕಂದಿನಿಂದಲೂ ನನ್ನ ಸುಳ್ಳು ಹಿಡಿಯುವುದರಲ್ಲಿ ನೀನೇ ಮುಂದು.

ನಮ್ಮ ಕಾರ್ಖಾನೆಯ ತಾನಾಗಿ ನಿಲ್ಲುವ ಗ್ರೈಂಡರ್ ಕೊನೆಗೂ ಸಿದ್ಧವಾಯಿತು. ಅದನ್ನು ಪಳಗಿಸಿದ್ದು ಅಮ್ಮನ ಅಡುಗೆಮನೆಯಲ್ಲೇ. ನೆನೆಸಿದ ಕಾಳು ರುಬ್ಬುತ್ತಾ, ನಡುನಡುವೆ ಚೂರು ತೆಗೆದು, ಹಿಟ್ಟನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ ಅಮ್ಮ "ಸಾಕು" ಅನ್ನುವಳು. ತಕ್ಷಣ ನಾನು ಗುಂಡಿ ಒತ್ತುವೆ. ಆಗ ಮೋಟಾರು ಎಷ್ಟು ತಿಣುಕುತ್ತಿತ್ತು ಎಂಬುದನ್ನು ಒಳಗಿನ ಚಿಪ್ ನೆನಪಿಟ್ಟುಕೊಳ್ಳುವುದು. ಐದು ತಿಂಗಳು ಇದೇ ಪಾಠ. "ಪಾಪ, ನಿನ್ನ ಮಿಷನ್ನಿಗೆ ಬೆರಳಿಲ್ಲ, ನನ್ನದನ್ನ ಸಾಲ ಕೇಳ್ತಿದೆ" ಎಂದು ನಗುತ್ತಿದ್ದಳು.

ಮೊನ್ನೆ ನನ್ನವಳು ಕಾಳು ಹಾಕಿ ಬಟ್ಟೆ ಒಣಹಾಕಲು ಹೋದಳು. ಬರುವಷ್ಟರಲ್ಲಿ ಗ್ರೈಂಡರ್ ತಾನೇ ನಿಂತಿತ್ತು. ಹಿಟ್ಟು ಮುಟ್ಟಿ, "ಥೇಟ್ ಅತ್ತೆ ರುಬ್ಬಿದ ಹಾಗೇ ಇದೆ ಕಣ್ರೀ" ಎಂದಳು. ಕಾರ್ಖಾನೆಯಲ್ಲಿ ಯಜಮಾನರು ಬೆನ್ನು ತಟ್ಟಿದರು. ನನಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಪಾರ್ಶ್ವವಾಯು ಹೊಡೆಯುವ ಮೊದಲು ಏನೂ ಸೂಚನೆ ಇರಲಿಲ್ಲವಾ ಎಂದು ಎರಡೂ ಪತ್ರದಲ್ಲಿ ಕೇಳಿದ್ದೀಯ. ಬಲಗೈ ಬೆರಳುಗಳ ಸ್ಪರ್ಶ ಕೆಲವು ವಾರ ಮೊದಲೇ ಹೋಗುತ್ತಾ ಬಂದಿರಬೇಕು, ಆಗಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ಅಮ್ಮ ಹೇಳಿಕೊಳ್ಳುವ ಪೈಕಿಯಲ್ಲ. ಕೈ ಸುಟ್ಟರೂ ಬೆನ್ನ ಹಿಂದೆ ಬಚ್ಚಿಡುತ್ತಿದ್ದಳಲ್ಲ. ನೀನು ದೂರದಲ್ಲಿದ್ದೆ, ನಿನ್ನದೇನೂ ತಪ್ಪಿಲ್ಲ. ಅಳುತ್ತಾ ಕೂರಬೇಡ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನನಗೂ ನಿನ್ನ ಆಶೀರ್ವಾದವಿರಲಿ, ಈ ಸಲ ಸ್ವಲ್ಪ ಹೆಚ್ಚೇ ಬೇಕು.

ಇಂತಿ,
ನಿನ್ನ ತಮ್ಮ
(ನೀನು ಕರೆಯುವ) ಗಡಿಬಿಡಿ

ವಿ.ಸೂ.: ಮೇಲೆ ಬರೆಯಲು ಕೈ ಬರಲಿಲ್ಲ. ಸೂಚನೆ ಇತ್ತು ಅಕ್ಕ. ಕೊನೆಯ ಮೂರು ವಾರ ಅಮ್ಮ "ಸಾಕು" ಅನ್ನುವುದು ತಡವಾಗುತ್ತಾ ಹೋಯಿತು. ಹಿಟ್ಟು ನುಣ್ಣಗಾದ ಮೇಲೂ ಬೆರಳು ಉಜ್ಜುತ್ತಲೇ ನಿಂತಿರುವಳು. ಒಂದು ದಿನ, "ನಂಗ್ಯಾಕೋ ಗೊತ್ತಾಗ್ತಿಲ್ಲ ಕಣೋ, ನೀನೇ ಮುಟ್ಟಿ ನೋಡು" ಎಂದು ಕೈ ಚಾಚಿದಳು. ನಾನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ಒಟ್ಟು ಹನ್ನೊಂದು ಸಲ "ಸಾಕು" ಹಾಗೆ ತಡವಾಯಿತು. ಹಿಂದಿನ ಅಳತೆಗಳ ಜೊತೆ ತಾಳೆಯಾಗುವುದಿಲ್ಲವೆಂದು, ತಪ್ಪು ಅಳತೆ ಎಂದುಕೊಂಡು, ಹನ್ನೊಂದನ್ನೂ ಚಿಪ್ಪಿನ ನೆನಪಿನಿಂದ ಅಳಿಸಿಹಾಕಿದೆ. ಗ್ರೈಂಡರ್ ಅಷ್ಟು ಸರಿಯಾಗಿ ನಿಲ್ಲುವುದು ಅದಕ್ಕೇ.