ಬಾಯಿ ಕಟ್ಟಿದ ಯಂತ್ರ

ಮನೆಯಿಂದ,
ಗುರುವಾರ, ಜೂನ್ ೧೨

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ಕ್ಷಮಿಸು. ನೀನು ಎರಡು ಸಲ ಫೋನ್ ಮಾಡಿದಾಗಲೂ "ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ, ಅದಕ್ಕೂ ಕ್ಷಮಿಸು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಿನ್ನ ದನಿ ಕೇಳಿ ನಾನು ಕರಗಿಹೋಗುತ್ತೇನೆ. ಕಾಗದದಲ್ಲಿ ಆ ಕಾಟವಿಲ್ಲ. ಸೋಮವಾರದಿಂದ ಬರೆಯುತ್ತ, ಹರಿಯುತ್ತ, ಇವತ್ತು ಮುಗಿಸಲು ಕೂತಿದ್ದೇನೆ.

ನಮ್ಮಜ್ಜಿಯ ಕಟ್ಟಳೆ ನಿನಗೆ ಗೊತ್ತು. ಯಾವ ಕಥೆಯಾದರೂ ಮೊದಲು ಹೇಳಿದವರು ಯಾರು, ಯಾವಾಗ ಎಂದು ಹೇಳದೆ ಶುರುಮಾಡುವಂತಿರಲಿಲ್ಲ. ಬಾಯಿಲ್ಲದ ಮಾತಿಗೆ ಕಿವಿ ಕೊಡಬೇಡ ಎನ್ನುತ್ತಿದ್ದಳು. ಹಾಗಾಗಿ ಮೊದಲೇ ಹೇಳುತ್ತೇನೆ. ಈ ಕಥೆಯನ್ನು ಮೊದಲು ಹೇಳಿದವಳು ನಿನ್ನ ಸೋದರತ್ತೆ, ಹೋದ ಭಾನುವಾರ ಮಧ್ಯಾಹ್ನ, ತನ್ನ ಹೊಲಿಗೆ ಅಂಗಡಿಯಲ್ಲಿ. ಕೇಳಿದವರು ನಾನು, ನಿನ್ನ ಅಮ್ಮ, ಪ್ಯಾಂಟಿನ ಸೊಂಟ ಸಡಿಲ ಮಾಡಿಸಿಕೊಳ್ಳಲು ಬಂದಿದ್ದ ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು.

ಫೆಬ್ರವರಿಯಲ್ಲಿ ಅವಳ ಕಣ್ಣು ಹಳದಿಯಾದದ್ದು, ಮೇದೋಜೀರಕ ಗ್ರಂಥಿಯಲ್ಲಿ ಗಂಟಿದೆ ಅಂದದ್ದು, ಅಣ್ಣನ ಮಗಳು ಡಾಕ್ಟರಾಗಿರುವ ಆಸ್ಪತ್ರೆ ಬಿಟ್ಟು ಬೇರೆ ಕಡೆ ಸೂಜಿ ಹಾಕಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದು ನಿಮ್ಮಲ್ಲಿಗೇ ಬಂದದ್ದು ನಿನಗೆ ಗೊತ್ತಿರುವುದೇ. ಸೂಜಿಯಲ್ಲಿ ತೆಗೆದ ಚೂರನ್ನು ಪರೀಕ್ಷೆ ಮಾಡಿ, ಹಳೆಯ ಊತ, ಕ್ಯಾನ್ಸರ್ ಅಲ್ಲ, ಮಾತ್ರೆ ಸಾಕು ಎಂದು ವರದಿ ಕೊಟ್ಟಿರಿ. ಅವಳು ಊರಿಗೆ ವಾಪಸು ಬಂದವಳೇ ಮಾಮೂಲಿಯಂತೆ ಹೊಲಿಗೆ ಯಂತ್ರ ತುಳಿಯತೊಡಗಿದಳು. ಆದರೆ ಮೂರು ತಿಂಗಳಲ್ಲಿ ತನ್ನ ಬಟ್ಟೆಗಳನ್ನೇ ಎರಡು ಸಲ ಒಳಗೆ ಹಿಡಿದು ಹೊಲಿದುಕೊಂಡಳು. ಬೇರೆ ಡಾಕ್ಟರಿಗೆ ತೋರಿಸೋಣ ಬಾ ಎಂದರೆ, "ನೋಡಿದವರು ನೋಡಿದಾರೆ, ನಿಂಗ್ಯಾಕೆ ಉಸಾಬರಿ" ಎಂದು ನನ್ನನ್ನೇ ಗದರುತ್ತಿದ್ದಳು. ಕೊನೆಗೆ ಊಟ ಸೇರುವುದೇ ನಿಂತಾಗ ಇಲ್ಲಿನ ಆಸ್ಪತ್ರೆಗೆ ದರದರ ಎಳೆದುಕೊಂಡು ಹೋದೆ. ಇಲ್ಲಿನ ಪರೀಕ್ಷೆಯ ಡಾಕ್ಟರು ನಿಮ್ಮಲ್ಲಿಂದ ಅವಳ ಚೂರು ಅಂಟಿಸಿದ ಗಾಜಿನ ಪಟ್ಟಿಗಳನ್ನು ತರಿಸಿಕೊಂಡರು. ಭಾನುವಾರ ಅವಳು ಹೇಳಿದ್ದು ಅಲ್ಲಿಂದ ಮುಂದಿನ ಕಥೆ.

ಕನ್ನಡಕವನ್ನು ಹಣೆಗೇರಿಸಿ, ಅಳತೆಯ ಟೇಪನ್ನು ಡಾಕ್ಟರ ಕೊಳವೆಯ ಹಾಗೆ ಕೊರಳಿಗೆ ಹಾಕಿಕೊಂಡು, ಅವರ ಹಾಗೆಯೇ ಗಂಟಲು ಸರಿಮಾಡಿಕೊಂಡು ಹೇಳಿದಳು. ನಾವು ನಗುತ್ತಲೇ ಕೇಳಿದೆವು. ಡಾಕ್ಟರು ಪರದೆಯ ಮೇಲೆ ಅವಳ ಚೂರಿನ ಚಿತ್ರ ತೋರಿಸಿದರಂತೆ. ಅವಳ ಕಣ್ಣಿಗೆ ಅದು ಗುಲಾಬಿ ಹೂವಿನ ಅಗ್ಗದ ಚೀಟಿಬಟ್ಟೆಯ ಹಾಗೆ ಕಂಡಿತಂತೆ. ಒಂದು ಮೂಲೆಯಲ್ಲಿ ಕೆಂಪು ಗೆರೆ ಸುತ್ತುಹಾಕಿತ್ತು. ಅದು ಇಂಥ ಚಿತ್ರಗಳನ್ನು ಓದುವ ಕಂಪ್ಯೂಟರ್ ಯಂತ್ರ ಎಳೆದ ಗೆರೆ. ಇಲ್ಲಿ ನೋಡಿ ಎನ್ನುವುದಷ್ಟೇ ಅದರ ಕೆಲಸ, ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ನಾವು ಎಂದರು. ತಾವೂ ನೋಡಿ, ಇನ್ನಿಬ್ಬರಿಗೂ ತೋರಿಸಿದ್ದರು. ಕ್ಯಾನ್ಸರೇ.

ನಗು ಅಲ್ಲಿಗೆ ನಿಂತಿತು. ಅವಳು ಮಾತ್ರ ನಿಲ್ಲಿಸಲಿಲ್ಲ. ಮೊದಲು ತೋರಿಸಿದ ಆಸ್ಪತ್ರೆಯ ಯಂತ್ರಕ್ಕೆ ಕಣ್ಣು ಮಂಜಾಗಿತ್ತಾ ಎಂದು ಡಾಕ್ಟರನ್ನು ಕೇಳಿದಳಂತೆ. ಅವರು ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಮೇಜು ಒರೆಸಿ ಆಮೇಲೆ ಹೇಳಿದರು. ಅಲ್ಲಿರುವುದೂ ಇದೇ ಯಂತ್ರ. ಅಲ್ಲೂ ಗೆರೆ ಎಳೆದೇ ಇರುತ್ತದೆ. ಆದರೆ ಗಟ್ಟಿ ಅನುಮಾನ ಇದ್ದರೆ ಮಾತ್ರ ಮೊದಲ ಪುಟದಲ್ಲಿ ತೋರಿಸು, ಸಣ್ಣಪುಟ್ಟದ್ದಕ್ಕೆ ಸುಮ್ಮನಿರು ಎಂದು ಅಲ್ಲಿಯವರು ಅದಕ್ಕೆ ಅಪ್ಪಣೆ ಮಾಡಿಟ್ಟಿದ್ದಾರೆ. ಮೊದಲ ಪುಟ ನೋಡಿದವರಿಗೆ 'ಅನುಮಾನವಿಲ್ಲ' ಎಂದಿರುತ್ತದೆ. ಒಳಗಿನ ಚಿತ್ರ ತೆರೆದಿದ್ದರೆ ಯಾರಿಗಾದರೂ ಕಾಣುತ್ತಿತ್ತು.

ಆಗ ನೇರವಾಗಿ ಕತ್ತರಿಸಿ ತೆಗೆಯಬಹುದಿತ್ತಂತೆ. ಈಗ ಗಂಟು ದೊಡ್ಡ ರಕ್ತನಾಳಕ್ಕೆ ಒರಗಿದೆ. ಮೊದಲು ಕೆಲವು ತಿಂಗಳು ಕೀಮೋ ಔಷಧಿ ಏರಿಸಬೇಕು, ಗಂಟು ಹಿಂದೆ ಸರಿದರೆ ಆಪರೇಷನ್.

ಮೇಷ್ಟ್ರಿಗೆ ಎಲ್ಲ ಲೆಕ್ಕವೂ ಸರಿಹೋಗಬೇಕಲ್ಲ, "ಅಂದ್ರೆ ಯಂತ್ರ ಸರಿಯಾಗೇ ಹೇಳಿತ್ತು?" ಎಂದರು.

"ಹೇಳಿತ್ತು ಮೇಷ್ಟ್ರೇ," ಅಂದಳು. "ಪಾಪ, ಅದರ ಬಾಯಿಗೆ ಬಟ್ಟೆ ಕಟ್ಟಿದ್ರು."

ಈ ಮಾತನ್ನು ನಾನು ಮೊದಲೇ ಕೇಳಿದ್ದೆ, ನಿನ್ನ ಬಾಯಲ್ಲಿ. ಹೋದ ವರ್ಷ ನೀನೇ ಫೋನಿನಲ್ಲಿ ನಗುನಗುತ್ತ ಹೇಳಿದ್ದೆ: "ಅಪ್ಪಾ, ನಮ್ಮ ಹೊಸ ಯಂತ್ರ ಎಲೆ ಅಲುಗಿದರೂ ಬೊಗಳತ್ತೆ. ದೊಡ್ಡ ಡಾಕ್ಟರಿಗೆ ತಲೆ ಕೆಟ್ಟೋಯ್ತು. ಮುತ್ತಜ್ಜಿಯ ನಾಯಿ ಕಥೇಲಿ ಬರೋ ಹಾಗೆ ಅದರ ಬಾಯಿ ಸ್ವಲ್ಪ ಕಟ್ಟಿಸಿದ್ವಿ." ಆಗ ನಾನೂ ನಕ್ಕಿದ್ದೆ.

ಕಥೆಯ ತಲೆ ನೆನಪಿಟ್ಟುಕೊಂಡು ಬಾಲ ಮರೆತೆಯಾ ಮಗಳೇ? ನಾಯಿ ಗಾಳಿಗೂ ಬೊಗಳುತ್ತದೆ, ನರಿಗೂ ಬೊಗಳುತ್ತದೆ ಎಂದು ನೆರೆಯವರು ಗೊಣಗಿದರು. ಯಜಮಾನ ಅದರ ಬಾಯಿ ಕಟ್ಟಿದ. ಕಳ್ಳ ಬಂದ. ನಾಯಿ ಕಂಬಳಿ ಜಗ್ಗಿತು, ಯಜಮಾನ ಮಗ್ಗುಲಾದ. ಕಳ್ಳ ಎಲ್ಲವನ್ನೂ ದೋಚಿ ಹೊರಟವನು, ಅಯ್ಯೋ ಎನಿಸಿ, ತಾನೇ ನಾಯಿಯ ಬಾಯಿ ಬಿಚ್ಚಿ ಹೋದನಂತೆ. ಬೆಳಿಗ್ಗೆ ಯಜಮಾನ ಬಡಿದದ್ದು ನಾಯಿಯನ್ನು.

ನಿಮ್ಮವರೂ ಈಗ ಅದನ್ನೇ ಮಾಡುತ್ತಾರೆ, ನೋಡುತ್ತಿರು. ಯಂತ್ರ ತಪ್ಪಿತು ಎನ್ನುತ್ತಾರೆ. ಮೇಷ್ಟ್ರು ಆಗಲೇ ಶುರುಮಾಡಿದ್ದರು, ಕಬ್ಬಿಣ ನಂಬಿ ಮನುಷ್ಯರು ಕೆಟ್ಟರು ಎಂದು. ಸುಮ್ಮನೆ ಕೂತ್ಕೊಳ್ಳಿ ಮೇಷ್ಟ್ರೇ ಎಂದು ಬೈದೆ. ಅದು ಸುಳ್ಳೇ ಹತ್ತು ಸಲ ಬೊಗಳಿತು ಅನ್ನು. ಹತ್ತು ಸಲವೂ ಎದ್ದು ದೀಪ ಹಚ್ಚಿ ನೋಡುವುದಕ್ಕೇ ತಾನೇ ನಿಮಗೆ ಬಿಳಿ ಕೋಟು ಕೊಟ್ಟಿರುವುದು? ಹೊರೆ ಹೆಚ್ಚಾಯಿತು, ಕೈ ಕಡಿಮೆ ಎಂದಿದ್ದರೆ ಅದನ್ನು ಕೂಗಿ ಹೇಳಬೇಕಿತ್ತು. ನಿಮ್ಮ ಬಾಯಿ ಬಿಡಲು ಹೆದರಿ ಅದರ ಬಾಯಿ ಕಟ್ಟಿದಿರಿ. ಗಾಜಿನ ಮೇಲಿರುವ ಚೂರು ಒಬ್ಬರ ಮೈಯಿಂದ ಕಿತ್ತದ್ದು. ಅದು ಮೊದಲ ಪುಟದಲ್ಲಿ ಮುಗಿಯುವುದಿಲ್ಲ.

ನಾಳೆಯೇ ದೊಡ್ಡ ಡಾಕ್ಟರ ಕೋಣೆಗೆ ಹೋಗು. ಆ ಬಟ್ಟೆ ಬಿಚ್ಚಿಸು. ಒಂದು ವರ್ಷದಿಂದ ಅದು ಎಳೆದು, ನೀವು ಮುಚ್ಚಿಟ್ಟ ಗೆರೆಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ. ನಿನ್ನ ಅತ್ತೆಯಂತೆ ಇನ್ನೆಷ್ಟು ಜನ ತಮ್ಮ ಬಟ್ಟೆ ಬಿಗಿ ಮಾಡಿಸಿಕೊಳ್ಳುತ್ತ ನೆಮ್ಮದಿಯಾಗಿ ಕೂತಿದ್ದಾರೋ. ಅವರು ಗೊಣಗಿದರೆ ಗೊಣಗಲಿ. ಕೆಲಸ ಹೋದರೆ ಮನೆಗೆ ಬಾ, ಅನ್ನಕ್ಕೇನೂ ಕೊರತೆಯಿಲ್ಲ.

ಊಟ ಸರಿಯಾಗಿ ಮಾಡು. ಕಣ್ಣು ಉರಿದರೆ ತಣ್ಣೀರು ಹಾಕಿಕೊ. ಸಿಟ್ಟಿನಲ್ಲಿ ಬರೆದರೂ ಆಶೀರ್ವಾದ ಆಶೀರ್ವಾದವೇ. ನಿನಗೆ ಒಳ್ಳೆಯದಾಗಲಿ, ನಿನ್ನಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಲಿ.

ಇಂತಿ ನಿನ್ನ,
ಅಪ್ಪ

ತಾ.ಕ.: ನಿನ್ನ ಅತ್ತೆ ಕಥೆಯಲ್ಲಿ ಒಂದು ಮಾತು ಬಿಟ್ಟಿದ್ದಳು. ಮೇಷ್ಟ್ರೂ ನಿನ್ನ ಅಮ್ಮನೂ ಎದ್ದು ಹೋದ ಮೇಲೆ ನನಗೊಬ್ಬನಿಗೇ ಹೇಳಿದಳು. ವರದಿ ಬಂದ ದಿನ ನಿನಗೆ ಫೋನ್ ಮಾಡಿ, ನಿನ್ನ ಕಣ್ಣಾರೆ ನೋಡಿದೆಯಾ ಎಂದು ಕೇಳಿದಳಂತೆ. "ನಾನೇ ನೋಡಿದ್ದೀನಿ ಅತ್ತೆ, ಏನೂ ಇಲ್ಲ" ಎಂದೆಯಂತೆ. ಚಿತ್ರ ತೆರೆದಿದ್ದರೆ ಯಾರಿಗಾದರೂ ಕಾಣುತ್ತಿತ್ತು ಎಂದು ಡಾಕ್ಟರು ಹೇಳಿದಾಗಲೇ ನೀನು ಅದನ್ನು ತೆರೆದೇ ಇರಲಿಲ್ಲ ಎಂದು ಅವಳಿಗೆ ತಿಳಿಯಿತು. ಮೂರು ತಿಂಗಳು ನನ್ನ ಮಾತು ಕೇಳದೆ ಅವಳು ನೆಚ್ಚಿ ಕೂತಿದ್ದು ಯಾವ ವರದಿಯನ್ನೂ ಅಲ್ಲ, ನಿನ್ನ ಆ ಒಂದು ಮಾತನ್ನು. "ಮಗೂಗೆ ಹೇಳ್ಬೇಡ ಅಣ್ಣ, ಅದು ತಡ್ಕೊಳಲ್ಲ" ಎಂದಳು. ಅವಳ ಮಾತು ಮೀರಿ ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಸೇರಿಸುವ ಮೊದಲು ಕಥೆ ಕೇಳಿದವರೆಲ್ಲ ಅಂಗಡಿಯಲ್ಲಿ ಸೇರಿದೆವು. ಮೇಷ್ಟ್ರು ತಮ್ಮ ಪ್ಯಾಂಟಿನ ಸುದ್ದಿಯೇ ಎತ್ತದೆ ಮಕ್ಕಳ ಯೂನಿಫಾರ್ಮುಗಳನ್ನು ಹೆಗಲಿಗೇರಿಸಿ ಮನೆಮನೆಗೆ ತಲುಪಿಸಲು ಹೊರಟರು. ನಿನ್ನ ಅಮ್ಮ ಗುಂಡಿಯ ಕಾಜಾ ಬಾಕಿಯಿದ್ದ ಅಂಗಿಗಳನ್ನು ಮನೆಯಲ್ಲಿ ಮುಗಿಸಲು ಮಡಿಲಿಗೆ ತುಂಬಿಕೊಂಡಳು. ನಾನು ನಿನ್ನ ಅತ್ತೆಯ ಚೀಲ ಎತ್ತಿಕೊಂಡೆ. ಮೊಳೆಯ ಮೇಲೆ ಉಳಿದದ್ದು ನಿನ್ನ ಬಿಳಿ ಕೋಟು, ಪ್ರತಿ ವರ್ಷದಂತೆ ಅವಳು ಹೊಲಿದದ್ದು. ಪೋಸ್ಟ್ ಮಾಡಲೇ ಎಂದು ಕೇಳಿದೆ.

"ಬೇಡ," ಎಂದು ಬೀಗ ಹಾಕಿದಳು. "ಅವಳೇ ಬರ್ಲಿ. ಅಳತೆ ನಾನೇ ನೋಡ್ಬೇಕು."